ಒಲೆಯ ಬದಿಯಿಂದ ಬಾನುಲಿಗೆ: ಕನ್ಸರ್ಟೀನಾ ವಾದಕಿ ಎಲಿಜಬೆತ್ ಕ್ರಾಟಿ

ಐರ್ಲೆಂಡಿನ ಪಶ್ಚಿಮದಂಚಿನಲ್ಲಿ, ಶಾನನ್ ನದಿ ಅಟ್ಲಾಂಟಿಕ್ ಸಾಗರವನ್ನು ಸೇರುವ ಅಳಿವೆಯ ದಂಡೆಯಲ್ಲಿ ಕಿಲ್‌ರಷ್ ಎಂಬ ಸಣ್ಣ ಪೇಟೆಯಿದೆ. ಇದು ಕ್ಲೇರ್ ಕೌಂಟಿಗೆ ಸೇರಿದ ಊರು. ಇಲ್ಲಿನ ಸಂತೆಯ ಚೌಕದಲ್ಲಿ ಪಬ್ ನಡೆಸುತ್ತಿದ್ದ ಗೃಹಿಣಿಯೊಬ್ಬರು ತಮ್ಮ ಎಪ್ಪತ್ತರ ಹೊಸ್ತಿಲಲ್ಲಿ ಇಡೀ ದೇಶಕ್ಕೆ ಪರಿಚಿತರಾದರು. ಅವರು ಪಂಡಿತರಲ್ಲ, ವೇದಿಕೆಯ ಕಲಾವಿದೆಯೂ ಅಲ್ಲ. ಸಂಗೀತವನ್ನು ಜೀವನೋಪಾಯವಾಗಿ ನೆಚ್ಚಿದವರಂತೂ ಅಲ್ಲವೇ ಅಲ್ಲ. ಅವರಲ್ಲಿ ಇದ್ದುದು ಎರಡು ಅಂಗೈಗಳ ನಡುವೆ ಹಿಡಿಯಬಹುದಾದ ಒಂದು ಪುಟ್ಟ ವಾದ್ಯ, ಮತ್ತು ಬಾಲ್ಯದಲ್ಲಿ ಕಿವಿಯಿಂದ ಕಲಿತ ಕುಣಿತದ ಮಟ್ಟುಗಳು. ಅವರೇ ಎಲಿಜಬೆತ್ ಕ್ರಾಟಿ. ಐರಿಷ್ ಸಂಗೀತಾಸಕ್ತರ ಪಾಲಿಗೆ ಅವರು ಅಂದಿಗೂ ಇಂದಿಗೂ ‘ಮಿಸೆಸ್ ಕ್ರಾಟಿ’.

ಹಳ್ಳಿಯ ಅಡುಗೆಮನೆಗಳಲ್ಲಿ ಬಾಳಿದ ಒಂದು ಸಂಗೀತ ಪರಂಪರೆ ಅಲ್ಲಿಂದ ಹೊರದೂಡಲ್ಪಟ್ಟಾಗ ಎಲ್ಲಿ ಆಶ್ರಯ ಪಡೆಯಿತು, ಯಾರ ಕೈಯಲ್ಲಿ ಉಳಿಯಿತು ಎಂಬುದನ್ನು ತಿಳಿಯಲು ಈ ಒಬ್ಬ ಮಹಿಳೆಯ ಬದುಕನ್ನು ನೋಡಿದರೆ ಸಾಕು.

ಬರದ ನೆನಪಿನ ನಾಡು

ಎಲಿಜಬೆತ್ ಮಾರ್ಕಮ್ ಜನಿಸಿದ್ದು 1885ರಲ್ಲಿ, ಕಿಲ್‌ರಷ್‌ನಿಂದ ಹೆಚ್ಚು ದೂರವಿಲ್ಲದ ಕೂರಾಕ್ಲೇರ್ ಗ್ರಾಮದ ಬಳಿಯ ಗೋವರ್ ಎಂಬಲ್ಲಿ. ಆಗ ಐರ್ಲೆಂಡ್ ಬ್ರಿಟಿಷ್ ಆಳ್ವಿಕೆಯಲ್ಲಿತ್ತು. ನಾಲ್ಕು ದಶಕಗಳ ಹಿಂದೆ, 1845ರಿಂದ ಸತತವಾಗಿ ಆಲೂಗೆಡ್ಡೆ ಬೆಳೆ ಕೊಳೆತು ಉಂಟಾದ ಮಹಾಕ್ಷಾಮದ ಗಾಯ ಇನ್ನೂ ಮಾಗಿರಲಿಲ್ಲ. 1841ರಲ್ಲಿ 80 ಲಕ್ಷ ಮೀರಿದ್ದ ಐರ್ಲೆಂಡಿನ ಜನಸಂಖ್ಯೆ 1851ರ ಹೊತ್ತಿಗೆ ಸುಮಾರು 65 ಲಕ್ಷಕ್ಕೆ ಕುಸಿದಿತ್ತು. ಗೇಣಿ ಕಟ್ಟಲಾರದ ರೈತರನ್ನು ಮನೆಯಿಂದ ಹೊರಹಾಕಿ ಗುಡಿಸಲುಗಳನ್ನು ಕೆಡವಿದ ಕ್ರೌರ್ಯಕ್ಕೆ ಅತಿ ಹೆಚ್ಚಾಗಿ ತುತ್ತಾದ ಪ್ರದೇಶಗಳಲ್ಲಿ ಕಿಲ್‌ರಷ್ ಸೀಮೆಯೂ ಒಂದು. ಬದುಕುಳಿದವರ ಮಕ್ಕಳು ಬೆಳೆದು ದೊಡ್ಡವರಾಗುತ್ತಲೇ ಅಮೆರಿಕದ ಹಡಗು ಹತ್ತುವುದು ವಾಡಿಕೆಯಾಯಿತು.

ಇಂಥ ನಾಡಿನಲ್ಲಿ ಸಂಗೀತಕ್ಕೆ ಆಶ್ರಯವಿತ್ತವರು ರಾಜರಲ್ಲ, ಶ್ರೀಮಂತರಲ್ಲ. ಸಣ್ಣ ಹಿಡುವಳಿಯ ರೈತರು. ಚಳಿಗಾಲದ ದೀರ್ಘ ರಾತ್ರಿಗಳಲ್ಲಿ ಯಾವುದಾದರೂ ಒಂದು ಮನೆಯಲ್ಲಿ ನೆರೆಹೊರೆಯವರು ಕೂಡುತ್ತಿದ್ದರು. ಅಡುಗೆಮನೆಯ ಮೇಜು ಕುರ್ಚಿಗಳನ್ನು ಗೋಡೆಗೆ ಸರಿಸಿದರೆ ಅದೇ ನರ್ತನಶಾಲೆ. ನಾಲ್ಕು ಜೋಡಿಗಳು ಎದುರುಬದುರು ನಿಂತು ‘ಸೆಟ್’ ಎಂಬ ಕುಣಿತ ಕುಣಿಯುತ್ತಿದ್ದರು. ಒಲೆಯ ಬದಿಯಲ್ಲಿ ಕುಳಿತ ಒಬ್ಬರೋ ಇಬ್ಬರೋ ಅವರಿಗಾಗಿ ನುಡಿಸುತ್ತಿದ್ದರು. ಮದುವೆಗೆ ಕುಣಿತ, ಸುಗ್ಗಿ ಮುಗಿದಾಗ ಕುಣಿತ. ಊರಿನ ಹುಡುಗನೋ ಹುಡುಗಿಯೋ ಮರುದಿನ ಅಮೆರಿಕಕ್ಕೆ ಹೊರಡುವುದಿದ್ದರೆ, ಅಗಲಿಕೆಯ ಹಿಂದಿನ ರಾತ್ರಿಯೂ ಕುಣಿತ. ಹೋದವರು ಮರಳುವುದು ಅಪರೂಪವಾಗಿದ್ದರಿಂದ ಆ ರಾತ್ರಿಯನ್ನು ಜನರು ಸಾವಿನ ಮನೆಯ ಜಾಗರಣೆಗೆ ಹೋಲಿಸುತ್ತಿದ್ದರು.

ಮಾರ್ಕಮ್ ಕುಟುಂಬವೂ ಈ ಸಂಪ್ರದಾಯದ್ದೇ. ಎಲಿಜಬೆತ್‌ರ ತಾಯಿ ಪಿಟೀಲು ನುಡಿಸುತ್ತಿದ್ದರು, ಅಕ್ಕ ಮ್ಯಾಗಿ ಕನ್ಸರ್ಟೀನಾ ನುಡಿಸುತ್ತಿದ್ದರು. ಎಲಿಜಬೆತ್ ಮನೆಯಲ್ಲಿಯೇ, ಕೇಳಿ ಕೇಳಿ ಕಲಿತರು.

ಲಂಡನ್ನಿನ ದಿವಾನಖಾನೆಯಿಂದ ಬಂದ ವಾದ್ಯ

ಕನ್ಸರ್ಟೀನಾ ಐರ್ಲೆಂಡಿನ ಮೂಲ ವಾದ್ಯವಲ್ಲ. ವಿದ್ಯುತ್ ಪಾಠದಲ್ಲಿ ‘ವೀಟ್‌ಸ್ಟನ್ ಸೇತುವೆ’ಯನ್ನು ಓದಿದ ನಮ್ಮ ವಿಜ್ಞಾನ ವಿದ್ಯಾರ್ಥಿಗಳಿಗೆ ಅದರ ಜನಕನ ಹೆಸರು ಪರಿಚಿತವೇ. ಅದೇ ಚಾರ್ಲ್ಸ್ ವೀಟ್‌ಸ್ಟನ್ ಲಂಡನ್ನಿನಲ್ಲಿ 1829ರಲ್ಲಿ ಪಡೆದ ಒಂದು ಹಕ್ಕುಪತ್ರದಿಂದ ಮೊದಲ್ಗೊಂಡು, 1844ರ ಇನ್ನೊಂದು ಹಕ್ಕುಪತ್ರದ ಹೊತ್ತಿಗೆ ಈ ವಾದ್ಯಕ್ಕೆ ಸ್ಪಷ್ಟ ರೂಪ ಕೊಟ್ಟರು. ಅದು ದಿವಾನಖಾನೆಗಳಲ್ಲಿ ಶಾಸ್ತ್ರೀಯ ಕೃತಿಗಳನ್ನು ನುಡಿಸುವ ಶ್ರೀಮಂತರ ವಾದ್ಯವಾಯಿತು. ಅದೇ ಕಾಲದಲ್ಲಿ, 1834ರಲ್ಲಿ, ಜರ್ಮನಿಯ ಕೆಮ್ನಿಟ್ಸ್ ನಗರದ ಕಾರ್ಲ್ ಫ್ರೀಡ್ರಿಶ್ ಉಲಿಗ್ ಬೇರೊಂದು ಬಗೆಯ ಕನ್ಸರ್ಟೀನಾವನ್ನು ರೂಪಿಸಿದರು. ಈ ಜರ್ಮನ್ ವಾದ್ಯ ಅಗ್ಗವಾಗಿತ್ತು. ಶತಮಾನದ ದ್ವಿತೀಯಾರ್ಧದಲ್ಲಿ ಅದು ಬ್ರಿಟನ್ ಮತ್ತು ಐರ್ಲೆಂಡಿನ ಸಾಮಾನ್ಯರ ಮನೆಗಳನ್ನು ಹೊಕ್ಕಿತು. ಲಂಡನ್ನಿನ ತಯಾರಕರು ಜರ್ಮನ್ ಸ್ವರವ್ಯವಸ್ಥೆಯನ್ನೂ ಇಂಗ್ಲಿಷ್ ಕುಶಲಗಾರಿಕೆಯನ್ನೂ ಬೆರೆಸಿ ‘ಆಂಗ್ಲೋ’ ಎಂಬ ಮಾದರಿಯನ್ನು ತಯಾರಿಸಿದರು. ಐರ್ಲೆಂಡ್ ಒಪ್ಪಿಕೊಂಡದ್ದು ಈ ಆಂಗ್ಲೋ ಮಾದರಿಯನ್ನೇ. ವೀಟ್‌ಸ್ಟನ್‌ರ ಬಳಿ ಕೆಲಸ ಮಾಡಿ ಮುಂದೆ ಸ್ವಂತ ಕಾರ್ಖಾನೆ ತೆರೆದ ಸ್ವಿಸ್ ಮೂಲದ ಲೂಯಿ ಲಾಶನಾಲ್‌ರ ಹೆಸರಿನ ವಾದ್ಯಗಳು ಕ್ಲೇರ್‌ನಲ್ಲಿ ಜನಪ್ರಿಯವಾದವು. ಕ್ರಾಟಿ ಅವರ ಕೈಯಲ್ಲಿದ್ದುದೂ ಲಾಶನಾಲ್ ವಾದ್ಯವೇ.

ನಮ್ಮ ಕಂಪನಿ ನಾಟಕಗಳ ಲೆಗ್ ಹಾರ್ಮೋನಿಯಂಗೂ ಈ ವಾದ್ಯಕ್ಕೂ ದೂರದ ನೆಂಟಸ್ತಿಕೆಯಿದೆ. ಎರಡರಲ್ಲಿಯೂ ತಿದಿಯ ಗಾಳಿ ರೀಡ್ ಎಂಬ ತೆಳುವಾದ ಲೋಹದ ಪಟ್ಟಿಯನ್ನು ಅದುರಿಸಿ ಸ್ವರ ಹುಟ್ಟಿಸುತ್ತದೆ. ಆದರೆ ಆಂಗ್ಲೋ ಕನ್ಸರ್ಟೀನಾದಲ್ಲಿ ಒಂದು ವಿಶೇಷವಿದೆ. ಅದರ ಒಂದೇ ಗುಂಡಿಯನ್ನು ಒತ್ತಿ ಹಿಡಿದು ತಿದಿಯನ್ನು ಅಮುಕಿದರೆ ಒಂದು ಸ್ವರ, ಎಳೆದರೆ ಇನ್ನೊಂದು ಸ್ವರ. ಆದ್ದರಿಂದ ನುಡಿಸುವವರು ಕ್ಷಣಕ್ಷಣಕ್ಕೂ ತಿದಿಯ ದಿಕ್ಕನ್ನು ಬದಲಿಸುತ್ತಿರಬೇಕು. ಹಾಗೆ ಬದಲಿಸುವಾಗ ಸ್ವರಗಳ ನಡುವೆ ಕೂದಲೆಳೆಯಷ್ಟು ಬಿಡುವು ಏರ್ಪಡುತ್ತದೆ. ದೀರ್ಘವಾದ ರಾಗಾಲಾಪಕ್ಕೆ ಇದು ಕೊರತೆಯಾದೀತು. ಕುಣಿತದ ಸಂಗೀತಕ್ಕೆ ಇದೇ ವರ. ಕುಣಿಯುವವರ ಪಾದಕ್ಕೆ ಬೇಕಾದ ಪುಟಿತ ಆ ಬಿಡುವಿನಿಂದಲೇ ಹುಟ್ಟುತ್ತದೆ.

ಐರಿಷ್ ಮಟ್ಟುಗಳ ಕಟ್ಟಡ ಸರಳ. ಎಂಟು ಆವರ್ತಗಳ ಒಂದು ಭಾಗ, ಎಂಟು ಆವರ್ತಗಳ ಇನ್ನೊಂದು ಭಾಗ. ಸಾಮಾನ್ಯವಾಗಿ ಒಂದೊಂದನ್ನೂ ಎರಡೆರಡು ಸಲ ನುಡಿಸಿದರೆ ಒಂದು ಸುತ್ತು ಪೂರ್ಣ. ನಾಲ್ಕರ ನಡೆಯದು ‘ರೀಲ್’, ಮೂರು ಮೂರರ ಜೋಡಿ ನಡೆಯದು ‘ಜಿಗ್’. ಬರೆದಿಟ್ಟರೆ ಕೆಲವೇ ಸಾಲುಗಳಲ್ಲಿ ಮುಗಿಯುವ ಇಂಥ ಮಟ್ಟನ್ನು ಪ್ರತಿ ಸುತ್ತಿನಲ್ಲಿಯೂ ಚೂರು ಬೇರೆಯಾಗಿ, ಆದರೆ ಕುಣಿಯುವವರ ಹೆಜ್ಜೆ ತಪ್ಪದಂತೆ ನುಡಿಸುವುದರಲ್ಲಿಯೇ ವಾದಕರ ಜಾಣ್ಮೆ ಅಡಗಿದೆ.

ಹೆಣ್ಣುಮಕ್ಕಳ ಕೈಯಲ್ಲಿ

ಕ್ಲೇರ್‌ನಲ್ಲಿ ಕನ್ಸರ್ಟೀನಾ ಹೆಚ್ಚಾಗಿ ಹೆಣ್ಣುಮಕ್ಕಳ ವಾದ್ಯವಾಗಿ ಬೆಳೆಯಿತು. ಐರಿಷ್ ಭಾಷೆಯಲ್ಲಿ ಅದಕ್ಕೆ ‘ಹೆಣ್ಣು ಅಕಾರ್ಡಿಯನ್’ ಎಂಬ ಅರ್ಥದ ಹೆಸರೂ ಇತ್ತು. ಇದಕ್ಕೆ ಕಾರಣಗಳು ಹುಡುಕಲು ಕಷ್ಟವಲ್ಲ. ಅಗ್ಗದ ಜರ್ಮನ್ ವಾದ್ಯ ಪೇಟೆಯ ದಿನಬಳಕೆಯ ಸಾಮಾನಿನ ಅಂಗಡಿಯಲ್ಲಿಯೇ ದೊರೆಯುತ್ತಿತ್ತು. ಕೋಳಿಮೊಟ್ಟೆ, ಬೆಣ್ಣೆ ಮಾರಿ ಬಂದ ಚಿಲ್ಲರೆ ಹಣ ರೈತಗೃಹಿಣಿಯರ ಸ್ವಂತದ್ದಾಗಿರುತ್ತಿತ್ತು. ಪುಟ್ಟ ವಾದ್ಯವಾದ್ದರಿಂದ ಒಲೆಯ ಪಕ್ಕದ ಗೂಡಿನಲ್ಲಿ ಇಡಬಹುದಿತ್ತು. ಮಳೆನಾಡಿನ ತೇವಕ್ಕೆ ರೀಡುಗಳು ಕೆಡದಿರಲು ಅದಕ್ಕಿಂತ ಒಳ್ಳೆಯ ಜಾಗವೂ ಇರಲಿಲ್ಲ. ಕೆಲಸದ ನಡುವೆ ಹತ್ತು ನಿಮಿಷ ಬಿಡುವಾದರೆ ಕೈಗೆತ್ತಿಕೊಂಡು ಎರಡು ಮಟ್ಟು ನುಡಿಸಿ ಮತ್ತೆ ಒಳಗಿಡಬಹುದಿತ್ತು.

ಆದರೆ ಅಡುಗೆಮನೆಯ ಕಲೆಗೆ ಅಡುಗೆಮನೆಯೇ ಗಡಿಯೂ ಆಗಿರುತ್ತದೆ. ಮದುವೆಯಾಗಿ, ಮಕ್ಕಳಾಗಿ, ಹೊಲಮನೆಯ ಭಾರ ಹೆಗಲಿಗೇರಿದಾಗ ಎಷ್ಟೋ ಹೆಂಗಸರು ವಾದ್ಯವನ್ನು ಗೂಡಿನಲ್ಲಿಟ್ಟು ಮರೆತರು. ಕ್ಲೇರ್‌ನ ಹೆಸರಾಂತ ವಾದಕಿ ಕಿಟಿ ಹೇಯ್ಸ್ ಅವರ ಬದುಕು ಇದಕ್ಕೆ ಸಾಕ್ಷಿ. ಸಂಸಾರದ ದಿನಗಳಲ್ಲಿ ದಶಕಗಳ ಕಾಲ ಕನ್ಸರ್ಟೀನಾವನ್ನು ಬದಿಗಿಟ್ಟಿದ್ದ ಅವರು ಇಳಿವಯಸ್ಸಿನಲ್ಲಿ ಮತ್ತೆ ಕೈಗೆತ್ತಿಕೊಂಡು, 2008ರಲ್ಲಿ ತೀರಿಕೊಳ್ಳುವ ಮುನ್ನ ಧ್ವನಿಮುದ್ರಿಕೆಗಳನ್ನು ಹೊರತಂದರು. ಹಾಗೆ ಮರಳಿ ಬಂದವರ ಹೆಸರು ನಮಗೆ ತಿಳಿದಿದೆ. ಮರಳದವರ ಮಟ್ಟುಗಳು ಅವರೊಂದಿಗೇ ಹೋದವು.

ಎಲಿಜಬೆತ್ ಮಾರ್ಕಮ್ 1914ರಲ್ಲಿ ಮೀಕೋ ಕ್ರಾಟಿ ಅವರನ್ನು ವಿವಾಹವಾದರು. ದಂಪತಿ ಕಿಲ್‌ರಷ್‌ನ ಸಂತೆಯ ಚೌಕದಲ್ಲಿ ಪಬ್ ನಡೆಸತೊಡಗಿದರು. ಹಳ್ಳಿಗಾಡಿನ ಹೆಣ್ಣುಮಗಳು ಪೇಟೆಯ ವ್ಯಾಪಾರಸ್ಥೆಯಾದರು, ಸಂಸಾರವೂ ಬೆಳೆಯಿತು. ಆದರೆ ಕನ್ಸರ್ಟೀನಾ ಮೂಲೆ ಸೇರಲಿಲ್ಲ. ಸಂತೆಗೆ ಸುತ್ತಲಿನ ಹಳ್ಳಿಗಳಿಂದ ಬರುತ್ತಿದ್ದ ರೈತರು ಮಾಲು ಮಾರಿ, ದಣಿವಾರಿಸಿಕೊಳ್ಳಲು ಕೂರುತ್ತಿದ್ದುದು ಇಂಥ ಪಬ್‌ಗಳಲ್ಲಿಯೇ. ನಮ್ಮ ಹಳ್ಳಿಯ ಅರಳಿಕಟ್ಟೆ, ಪೇಟೆಯ ಚಹಾದಂಗಡಿ ಎರಡರ ಪಾತ್ರವನ್ನೂ ಅಲ್ಲಿ ಪಬ್ ನಿರ್ವಹಿಸುತ್ತದೆ. ಯಾವ ಊರಲ್ಲಿ ಯಾರು ಚೆನ್ನಾಗಿ ನುಡಿಸುತ್ತಾರೆ, ಯಾರ ಬಳಿ ಯಾವ ಮಟ್ಟು ಇದೆ ಎಂಬ ಸುದ್ದಿಗಳೂ ಅಲ್ಲಿಗೇ ಬಂದು ಸೇರುತ್ತಿದ್ದವು.

ಕುಣಿತಕ್ಕೆ ಕಾನೂನಿನ ಕಡಿವಾಣ

ಮುಂದಿನ ಎರಡು ದಶಕಗಳಲ್ಲಿ ಐರ್ಲೆಂಡಿನ ಚಿತ್ರವೇ ಬದಲಾಯಿತು. 1919ರಿಂದ 1921ರವರೆಗೆ ಬ್ರಿಟಿಷರ ವಿರುದ್ಧ ಹೋರಾಟ ನಡೆಯಿತು. 1922ರಲ್ಲಿ ಸ್ವತಂತ್ರ ರಾಜ್ಯ ಸ್ಥಾಪನೆಯಾಯಿತು; ಅದರ ಬೆನ್ನಿಗೇ ಅಂತರ್ಯುದ್ಧವೂ ಬಂತು. ಸ್ವರಾಜ್ಯ ಬಂದ ಮೇಲೆ ಸ್ವದೇಶೀ ಸಂಗೀತಕ್ಕೆ ಸುಗ್ಗಿಯ ಕಾಲ ಬರುವುದೆಂದು ನಿರೀಕ್ಷಿಸಿದವರಿಗೆ ಆದದ್ದು ಬೇರೆ.

ಹಳ್ಳಿಮನೆಗಳ ಕುಣಿತದ ಬಗ್ಗೆ ಕ್ಯಾಥೋಲಿಕ್ ಪಾದ್ರಿಗಳಿಗೆ ಮೊದಲಿನಿಂದಲೂ ಅಸಮಾಧಾನವಿತ್ತು. ಹೊತ್ತು ಮೀರಿ ಗಂಡು ಹೆಣ್ಣು ಒಂದೆಡೆ ಸೇರುವುದು ನೀತಿಗೆಡುವುದಕ್ಕೆ ದಾರಿ ಎಂಬುದು ಅವರ ಆಕ್ಷೇಪ. 1935ರಲ್ಲಿ ಸರ್ಕಾರ ಸಾರ್ವಜನಿಕ ನೃತ್ಯಶಾಲೆಗಳ ಕಾಯ್ದೆಯನ್ನು ಜಾರಿಗೆ ತಂದಿತು. ಅದರ ಪ್ರಕಾರ ಸಾರ್ವಜನಿಕ ಕುಣಿತಕ್ಕೆ ನ್ಯಾಯಾಲಯದ ಪರವಾನಗಿ ಕಡ್ಡಾಯವಾಯಿತು. ಕಾಯ್ದೆಯ ಗುರಿ ಖಾಸಗಿ ಮನೆಗಳೇ ಹೌದೇ ಎಂಬುದು ಚರ್ಚಾಸ್ಪದ. ಆದರೆ ಅನೇಕ ಕಡೆ ಪಾದ್ರಿಗಳೂ ಪೊಲೀಸರೂ ಅದನ್ನು ಮನೆಯ ಕುಣಿತಗಳ ಮೇಲೂ ಪ್ರಯೋಗಿಸಿದರು. ಕುಣಿತ ಪರವಾನಗಿಯುಳ್ಳ ಸಭಾಂಗಣಗಳಿಗೆ ಹೋಯಿತು. ದೊಡ್ಡ ಸಭಾಂಗಣದ ಗದ್ದಲದಲ್ಲಿ ಪುಟ್ಟ ಕನ್ಸರ್ಟೀನಾದ ದನಿ ಎಷ್ಟು ದೂರ ಕೇಳೀತು? ಅಲ್ಲಿಗೆ ಹೆಚ್ಚು ಸದ್ದಿನ ಅಕಾರ್ಡಿಯನ್ ಬೇಕಾಯಿತು, ಬ್ಯಾಂಡುಗಳು ಬೇಕಾದವು. ಒಲೆಯ ಬದಿಯಲ್ಲಿ ಕುಳಿತು ನುಡಿಸುತ್ತಿದ್ದ ಹೆಂಗಸಿಗೆ ಆ ವೇದಿಕೆಯಲ್ಲಿ ಜಾಗವಿರಲಿಲ್ಲ.

ಇದರ ಮೇಲೆ ವಲಸೆಯ ಪೆಟ್ಟು. 1951ರಿಂದ 1961ರವರೆಗಿನ ಒಂದೇ ದಶಕದಲ್ಲಿ ಸುಮಾರು 4 ಲಕ್ಷ ಮಂದಿ ಐರ್ಲೆಂಡನ್ನು ತೊರೆದರು. ಕುಣಿಯುವವರೇ ಹೊರಟುಹೋದ ಮೇಲೆ ನುಡಿಸುವುದು ಯಾರಿಗಾಗಿ? ಹಳೆಯ ಸಂಗೀತ ಬಡತನದ, ಹಿಂದುಳಿದಿರುವಿಕೆಯ ಗುರುತೆಂದು ಸ್ವತಃ ಹಳ್ಳಿಗರೇ ಸಂಕೋಚಪಡುವ ಸ್ಥಿತಿ ಬಂತು.

ಆ ಕಾಲದಲ್ಲಿ ಐರ್ಲೆಂಡಿನ ಪಬ್‌ಗಳಲ್ಲಿ ಸಂಗೀತ ಇಂದಿನಷ್ಟು ಸಾಮಾನ್ಯವಾಗಿರಲಿಲ್ಲ. ಇಂದು ಪ್ರವಾಸಿಗರು ಐರಿಷ್ ಪಬ್ ಎಂದೊಡನೆ ಕಲ್ಪಿಸಿಕೊಳ್ಳುವ ಸಂಗೀತ ಕೂಟ ಬಹುಮಟ್ಟಿಗೆ 1950ರ ದಶಕದಿಂದೀಚೆಗೆ ಬೆಳೆದ ರೂಢಿ. ಇಲ್ಲಿಯೇ ಕ್ರಾಟಿ ಅವರ ಮನೆಯ ಮಹತ್ವ ಇರುವುದು. ಅವರಿಗೆ ಪಬ್ ಎಂದರೆ ಮನೆಯೂ ಹೌದು, ಅಂಗಡಿಯೂ ಹೌದು. ಅಡುಗೆಮನೆಯಿಂದ ಹೊರಬಿದ್ದ ಸಂಗೀತ ಸಾರ್ವಜನಿಕ ಸ್ಥಳದಲ್ಲಿ ಕಾಲೂರುವ ಮುನ್ನ, ಎರಡೂ ಆಗಿದ್ದ ಇಂಥದೊಂದು ತಾಣ ಅದಕ್ಕೆ ಬೇಕಾಗಿತ್ತು. ಯಜಮಾನಿಯೇ ವಾದಕಿಯಾಗಿದ್ದ ಮನೆಗೆ ಬರಲು ಬೇರೆ ವಾದಕರಿಗೆ ಹಿಂಜರಿಕೆಯೂ ಇರಲಿಲ್ಲ.

ಎಪ್ಪತ್ತರಲ್ಲಿ ಬಂದ ಕೀರ್ತಿ

1951ರಲ್ಲಿ ಮಲಿಂಗರ್ ಪಟ್ಟಣದಲ್ಲಿ ಸಾಂಪ್ರದಾಯಿಕ ವಾದಕರ ರಾಷ್ಟ್ರೀಯ ಸಂಘಟನೆಯೊಂದು ಹುಟ್ಟಿತು. ಅದರ ಹೆಸರು ‘ಕೋಲ್ತಸ್ ಕ್ಯೋಲ್ತೋರೀ ಏರನ್’, ಅಂದರೆ ಐರ್ಲೆಂಡಿನ ಸಂಗೀತಗಾರರ ಸಂಘ. 1954ರಲ್ಲಿ ಅದರ ಕ್ಲೇರ್ ಶಾಖೆ ಆರಂಭವಾದಾಗ ಅಧ್ಯಕ್ಷ ಸ್ಥಾನಕ್ಕೆ ಆಯ್ಕೆಯಾದವರು ಎಲಿಜಬೆತ್ ಕ್ರಾಟಿ. ಸಾಯುವವರೆಗೂ ಅವರು ಆ ಸ್ಥಾನದಲ್ಲಿದ್ದರು. ಸಭೆ, ಸಮಿತಿಗಳೆಲ್ಲ ಗಂಡಸರದ್ದೇ ಎಂದು ತಿಳಿದಿದ್ದ ಕಾಲದಲ್ಲಿ, ಸಂಗೀತಕ್ಕೆ ಹೆಸರಾದ ಕೌಂಟಿಯೊಂದು ಅರವತ್ತೊಂಬತ್ತರ ವಯಸ್ಸಿನ ಗೃಹಿಣಿಯನ್ನು ತನ್ನ ಮುಂದಾಳಾಗಿ ಆರಿಸಿಕೊಂಡದ್ದು ಸಣ್ಣ ಸಂಗತಿಯಲ್ಲ. 1956ರಲ್ಲಿ ಸಂಘದ ರಾಷ್ಟ್ರೀಯ ಸಂಗೀತೋತ್ಸವ ಕ್ಲೇರ್‌ನ ಎನಿಸ್ ನಗರದಲ್ಲಿಯೇ ನಡೆಯಿತು. ಸಂಕೋಚದಿಂದ ಮನೆಯೊಳಗೆ ಉಳಿದಿದ್ದ ವಾದ್ಯಗಳು ಬೀದಿಗೆ ಬಂದವು. ತಮ್ಮಂತೆಯೇ ನುಡಿಸುವವರು ದೇಶದಲ್ಲಿ ಇನ್ನೂ ಎಷ್ಟೋ ಮಂದಿ ಇದ್ದಾರೆಂಬ ಅರಿವೇ ಅಂಥ ಉತ್ಸವಗಳು ಕೊಟ್ಟ ದೊಡ್ಡ ಬಲ.

ಇದೇ ವೇಳೆಗೆ ಐರಿಷ್ ಬಾನುಲಿಯಾದ ರೇಡಿಯೋ ಏರನ್ ತನ್ನ ಧ್ವನಿಮುದ್ರಣ ವಾಹನವನ್ನು ಹಳ್ಳಿಗಳಿಗೆ ಕಳಿಸತೊಡಗಿತ್ತು. ಅಲ್ಲಿಯವರೆಗೆ ವಾದಕರು ನಿಲಯಕ್ಕೆ ಬರಬೇಕಿತ್ತು. ಈಗ ನಿಲಯವೇ ವಾದಕರ ಮನೆಬಾಗಿಲಿಗೆ ಬಂತು. ಈ ಕೆಲಸಕ್ಕೆ ಮುಡಿಪಾದವರಲ್ಲಿ ಪ್ರಮುಖರು ಕ್ಲೇರ್‌ನ ನೆರೆಯ ಲಿಮರಿಕ್‌ನವರಾದ ಕೀರಾನ್ ಮ್ಯಾಕ್ ಮಹೂನಾ. ಅವರು ಕಿಲ್‌ರಷ್‌ಗೆ ಬಂದು ಮಿಸೆಸ್ ಕ್ರಾಟಿ ಅವರ ಕನ್ಸರ್ಟೀನಾವನ್ನು ಮುದ್ರಿಸಿಕೊಂಡರು. ಬಾನುಲಿಯಲ್ಲಿ ಅದು ಪ್ರಸಾರವಾದಾಗ, ಸಂತೆಯ ಚೌಕದ ಮಂದಿಗಷ್ಟೇ ತಿಳಿದಿದ್ದ ಹೆಸರು ದೇಶದ ಮೂಲೆಮೂಲೆಗೆ ತಲುಪಿತು. ‘ದ ರೀಲ್ ವಿದ್ ದ ಬರ್ಲ್’ ಎಂಬ ಮಟ್ಟು ಕ್ಲೇರ್‌ನಲ್ಲಿ ಇಂದಿಗೂ ಅವರ ಹೆಸರಿನೊಂದಿಗೇ ನೆನಪಾಗುತ್ತದೆ.

ಆ ಧ್ವನಿಮುದ್ರಣಗಳಲ್ಲಿ ಕೇಳಿಬರುವುದು ಬೆರಗುಗೊಳಿಸುವ ವೇಗವಲ್ಲ. ಅಲಂಕಾರಗಳ ರಾಶಿಯೂ ಅಲ್ಲ. ಮಟ್ಟಿನ ಮೈಕಟ್ಟು ಕೆಡದಂತೆ, ಅವಸರವಿಲ್ಲದೆ, ನಡೆ ಒಂದಿಷ್ಟೂ ಸಡಿಲಾಗದಂತೆ ನುಡಿಸುವ ಕ್ರಮ ಅವರದು. ನುಡಿಸುವವರ ಕೌಶಲಕ್ಕಿಂತ ಕುಣಿಯುವವರ ಪಾದವೇ ಮುಖ್ಯವೆಂದು ತಿಳಿದ ತಲೆಮಾರಿನ ವಾದನವದು. ಎದುರಿಗೆ ಕುಣಿಯುವವರು ಇಲ್ಲದಿದ್ದರೂ ಅವರ ತಿದಿಯ ಏರಿಳಿತದಲ್ಲಿ ಹೆಜ್ಜೆಗಳು ಕೇಳಿಸುತ್ತವೆ.

ಕೀರ್ತಿ ಬಂದಾಗ ದೇಹ ಸೋತಿತ್ತು. ಕೊನೆಯ ವರ್ಷಗಳಲ್ಲಿ ಅವರಿಗೆ ಹೃದಯದ ಬೇನೆ ಕಾಡುತ್ತಿತ್ತು. ತಿದಿಯನ್ನು ಅಮುಕಿ ಎಳೆಯುವುದು ಎದೆಗೂ ತೋಳಿಗೂ ಹಗುರವಾದ ಕೆಲಸವಲ್ಲ. ಆದರೂ ನುಡಿಸುವುದನ್ನು ಅವರು ಬಿಡಲಿಲ್ಲ.

ಒಂದು ಯುಗದ ಅಂಚು

ಐರ್ಲೆಂಡಿನಲ್ಲಿ ಕ್ರಿಸ್ಮಸ್ ಮರುದಿನ ವಾದಕರು, ವೇಷಧಾರಿಗಳು ಮನೆಮನೆಗೆ ಹೋಗಿ ನುಡಿಸಿ ಕುಣಿಯುವ ಹಳೆಯ ಪದ್ಧತಿಯಿದೆ. 1960ರಲ್ಲಿ ಆ ಹಬ್ಬದ ಮರುದಿನ, ಡಿಸೆಂಬರ್ 27ರಂದು, ಎಲಿಜಬೆತ್ ಕ್ರಾಟಿ ನಿಧನರಾದರು. ಅವರಿಗೆ 75 ವರ್ಷವಾಗಿತ್ತು. ಎನಿಸ್‌ನಿಂದ ಕಿಲ್‌ರಷ್‌ಗೆ ಜನರನ್ನು ಹೊತ್ತು ತರುತ್ತಿದ್ದ ಪಶ್ಚಿಮ ಕ್ಲೇರ್‌ನ ಸಣ್ಣ ರೈಲು 1961ರ ಜನವರಿ 31ರಂದು ಕೊನೆಯ ಓಟ ಮುಗಿಸಿತು. ಅದೇ ವರ್ಷದ ಕಡೆಯ ದಿನ ಐರ್ಲೆಂಡಿನ ದೂರದರ್ಶನ ಪ್ರಸಾರ ಆರಂಭವಾಯಿತು. ಅವರು ಕಂಡ ಲೋಕ ಅವರ ಹಿಂದೆಯೇ ಮರೆಯಾಗತೊಡಗಿತೆಂದರೆ ಅತಿಶಯೋಕ್ತಿಯಲ್ಲ.

ಆದರೆ ಕನ್ಸರ್ಟೀನಾ ಮರೆಯಾಗಲಿಲ್ಲ. ಕ್ಲೇರ್‌ನವರೇ ಆದ ಪ್ಯಾಡಿ ಮರ್ಫಿ, ಕ್ರಿಸ್ ಡ್ರೋನಿ ಅವರಂಥವರು ಅದನ್ನು ಮುಂದುವರಿಸಿದರು. 1958ರಲ್ಲಿ ಹುಟ್ಟಿದ ನೋಯಲ್ ಹಿಲ್‌ರ ತಲೆಮಾರು ಅದನ್ನು ವಿಶ್ವದ ವೇದಿಕೆಗಳಿಗೆ ಒಯ್ದಿತು. ಇಂದಿನ ವಾದಕರ ಶೈಲಿ ಬೇರೆ. ಗುಂಡಿಗಳ ಮೂರು ಸಾಲುಗಳಲ್ಲಿ ಬೆರಳುಗಳನ್ನು ಅತ್ತಿತ್ತ ದಾಟಿಸುತ್ತಾ, ಕಠಿಣವಾದ ಮಟ್ಟುಗಳನ್ನೂ ಅವರು ಸಲೀಸಾಗಿ ನುಡಿಸುತ್ತಾರೆ. ಹಾಗಿದ್ದರೂ ಹಳೆಯ ನಡೆ ಹೇಗಿತ್ತೆಂದು ತಿಳಿಯಲು ಅವರು ಮರಳುವುದು ಮಿಸೆಸ್ ಕ್ರಾಟಿ ಅವರ ಆ ಕೆಲವು ಧ್ವನಿಮುದ್ರಣಗಳಿಗೇ. 1990ರ ದಶಕದಲ್ಲಿ ಕಿಲ್‌ರಷ್‌ನಲ್ಲಿ ಅವರ ಹೆಸರಿನ ಸಂಗೀತೋತ್ಸವ ಆರಂಭವಾಯಿತು. ಬಾನುಲಿಯ ಸಂಗ್ರಹದಲ್ಲಿದ್ದ ಅವರ ವಾದನ 1999ರಲ್ಲಿ ಸಿ.ಡಿ. ರೂಪದಲ್ಲಿ ಹೊರಬಂತು.

ಲೆಕ್ಕ ಹಾಕಿದರೆ ಅವರ ವಾದನ ಜಗತ್ತಿಗೆ ದೊರೆತದ್ದು ಬದುಕಿನ ಕೊನೆಯ ಐದಾರು ವರ್ಷಗಳಲ್ಲಿ. ಧ್ವನಿಮುದ್ರಣ ವಾಹನ ಕಿಲ್‌ರಷ್‌ಗೆ ಬರುವುದು ಇನ್ನೊಂದು ದಶಕ ತಡವಾಗಿದ್ದರೆ, ಅವರ ಹೆಸರು ಊರಿನ ಹಿರಿಯರ ನೆನಪಿನಲ್ಲಿಯೇ ಕರಗಿಹೋಗುತ್ತಿತ್ತು. ಅವರ ಅಕ್ಕ ಮ್ಯಾಗಿ ಹೇಗೆ ನುಡಿಸುತ್ತಿದ್ದರು, ತಾಯಿಯ ಪಿಟೀಲಿನ ನಾದ ಹೇಗಿತ್ತು ಎಂಬುದನ್ನು ಇಂದು ಯಾರೂ ಕೇಳಲಾರರು. ಆ ಇಬ್ಬರ ಕಲಿಸುವಿಕೆಯ ಸುಳಿವು ಉಳಿದಿರುವುದು ಮೂರನೆಯವರ ತಿದಿಯ ಉಸಿರಿನಲ್ಲಿ ಮಾತ್ರ.

ಬೀಸುವಾಗ, ಕುಟ್ಟುವಾಗ, ತೊಟ್ಟಿಲು ತೂಗುವಾಗ ಹಾಡುತ್ತಿದ್ದ ನಮ್ಮ ಅಜ್ಜಿಯರ ನೆನಪಿರುವ ಓದುಗರಿಗೆ ಈ ಮಾತಿನ ತೂಕವನ್ನು ಬಿಡಿಸಿ ಹೇಳಬೇಕಾಗಿಲ್ಲ.